ಡಿಸ್‌ಪ್ರಾಕ್ಸಿಯಾ ಇರುವ ಮಗು ಹೈಸ್ಕೂಲಿಗೆ ಸೇರಿದಾಗ: ಬ್ಯಾಗು, ಬಸ್ಸು, ಬೋರ್ಡು

ಡಿಸ್‌ಪ್ರಾಕ್ಸಿಯಾ ಅಂದರೆ ಕೈಕಾಲಿನ ಕೆಲಸವನ್ನು ಜೋಡಿಸಿಕೊಂಡು ಮಾಡುವುದರಲ್ಲಿ ತೊಡಕು. ಅದಿದ್ದೂ ಏಳನೇ ತರಗತಿಯವರೆಗೆ ಊರಿನ ಶಾಲೆಯಲ್ಲಿ ಹೇಗೋ ನಿಭಾಯಿಸಿಕೊಂಡು ಬಂದ ಮಗು ಎಂಟನೇ ತರಗತಿಗೆ ಕಾಲಿಡುತ್ತಿದ್ದಂತೆ ತಡಬಡಾಯಿಸತೊಡಗುತ್ತದೆ. ಹಿಂದಿ ಪುಸ್ತಕ ಮನೆಯಲ್ಲೇ ಉಳಿಯುತ್ತದೆ, ಕೊಡೆ ಬಸ್ಸಿನಲ್ಲಿ ಉಳಿಯುತ್ತದೆ, ಹೋಂವರ್ಕ್ ಏನು ಕೊಟ್ಟರು ಅಂದರೆ ಗೊತ್ತಿಲ್ಲ. ಮನೆಯಲ್ಲಿ ಬೈಗುಳ, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸುವುದು. ಆಷಾಢ ಬರುವಷ್ಟರಲ್ಲಿ ಮಗು ಶಾಲೆಗೆ ಹೋಗಲ್ಲ ಅನ್ನುತ್ತದೆ.

ಆಗಿರುವುದೇನೆಂದರೆ, ಪ್ರೈಮರಿಯಲ್ಲಿ ಒಂದೇ ಕೊಠಡಿ, ಮಗುವನ್ನು ಚಿಕ್ಕಂದಿನಿಂದ ಬಲ್ಲ ಒಬ್ಬಿಬ್ಬರು ಟೀಚರ್. ಪುಸ್ತಕ ಮರೆತರೆ ಪಕ್ಕದವನ ಜೊತೆ ನೋಡಿಕೋ ಅಂತಿದ್ದರು. ಹೈಸ್ಕೂಲಿನಲ್ಲಿ ಆರು ವಿಷಯಕ್ಕೆ ಆರು ಜನ, ಒಬ್ಬೊಬ್ಬರದು ಒಂದೊಂದು ಕ್ರಮ. ಗಣಿತಕ್ಕೆ ಕ್ಲಾಸ್‌ವರ್ಕ್ ಬೇರೆ, ಹೋಂವರ್ಕ್ ಬೇರೆ. ವಿಜ್ಞಾನಕ್ಕೆ ನೋಟ್ಸಿನ ಜೊತೆ ಚಿತ್ರದ ಪುಸ್ತಕ. ಇಂಗ್ಲಿಷಿಗೆ ಕಾಪಿ ರೈಟಿಂಗ್. ಮುಕ್ಕಾಲು ಗಂಟೆಗೊಮ್ಮೆ ಬೆಲ್ಲು ಹೊಡೆದಾಗ ಒಂದು ಕಂತೆ ಒಳಗೆ ಹೋಗಬೇಕು, ಇನ್ನೊಂದು ಹೊರಗೆ ಬರಬೇಕು. ಇದರ ಮೇಲೆ ತೀರ್ಥಹಳ್ಳಿಗೋ ಸಾಗರಕ್ಕೋ ಹೊಸನಗರಕ್ಕೋ ದಿನಾ ಬಸ್ಸು.

ಡಿಸ್‌ಪ್ರಾಕ್ಸಿಯಾಗೆ ವೈದ್ಯರ ಕಾಗದದಲ್ಲಿ ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್, ಅಂದರೆ ಡಿಸಿಡಿ ಎಂದು ಬರೆದಿರುತ್ತಾರೆ. ಶಾಲಾ ವಯಸ್ಸಿನ ನೂರು ಮಕ್ಕಳಲ್ಲಿ ಐದಾರು ಮಕ್ಕಳಿಗೆ ಇದು ಇರುತ್ತದೆ ಎಂಬುದು ಒಪ್ಪಿತವಾದ ಅಂದಾಜು. ಕೈಕಾಲಿನ ಸ್ನಾಯುವಿನಲ್ಲಿ ದೋಷವಿಲ್ಲ, ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಮಾಡಬೇಕಾದ ಕೆಲಸವನ್ನು ಮಿದುಳು ಮೊದಲು ಯಾವುದು, ಆಮೇಲೆ ಯಾವುದು, ಎಷ್ಟು ಬಲ, ಎಷ್ಟು ದೂರ ಎಂದು ಜೋಡಿಸಿ ಕೈಗೆ ದಾಟಿಸುವಲ್ಲಿ ತೊಡಕು. ಬೇರೆ ಮಕ್ಕಳಿಗೆ ರೂಢಿಯಾಗಿ ಕೈಗೆ ಕೂತುಬಿಡುವ ಕೆಲಸವನ್ನು ಈ ಮಗು ಪ್ರತಿ ಸಲವೂ ಹೊಸದಾಗಿ ಯೋಚಿಸಿ ಮಾಡುತ್ತದೆ. ಜಿಪ್ ಎಳೆಯುವುದಕ್ಕೇ ಗಮನವೆಲ್ಲ ಖರ್ಚಾದರೆ ಒಳಗೆ ಯಾವ ಪುಸ್ತಕ ಇಡಬೇಕಿತ್ತು ಎಂಬುದು ತಲೆಯಿಂದ ಹಾರಿಹೋಗುತ್ತದೆ. ಎಷ್ಟೋ ಮಕ್ಕಳಿಗೆ ಇದರ ಜೊತೆಗೆ ಎಡಿಎಚ್‌ಡಿಯೋ (ಗಮನ ನಿಲ್ಲದಿರುವುದು) ಡಿಸ್ಲೆಕ್ಸಿಯಾವೋ (ಓದುವಲ್ಲಿ ತೊಡಕು) ಇರುವುದರಿಂದ ಮರೆವು, ಓದಿನ ತೊಡಕು ಕೂಡಿಕೊಳ್ಳುತ್ತವೆ.

ಹಾಗಾಗಿ ನೆನಪಿಟ್ಟುಕೋ, ಗಮನ ಕೊಡು ಎಂದು ಎಷ್ಟು ಸಲ ಹೇಳಿದರೂ ಪ್ರಯೋಜನವಿಲ್ಲ. ದಿನದ ಕೆಲಸದಲ್ಲಿ ಹಂತಗಳನ್ನು ಕಡಿಮೆ ಮಾಡಬೇಕು, ವಸ್ತುಗಳನ್ನು ಬದಲಿಸಬೇಕು. ಮುಂದೆ ಹೇಳುವುದೆಲ್ಲ ಅದೇ.

ಮೊದಲು ಬ್ಯಾಗು. ಹತ್ತು ಖಾನೆಯ ದುಬಾರಿ ಬ್ಯಾಗು ಈ ಮಕ್ಕಳಿಗೆ ಶತ್ರು. ಎಷ್ಟು ಖಾನೆಯೋ ಅಷ್ಟು ಕಡೆ ಹುಡುಕಬೇಕು. ಎರಡು ದೊಡ್ಡ ಖಾನೆ, ಹೊರಗೊಂದು ಸಣ್ಣದು, ಪಕ್ಕದಲ್ಲಿ ನೀರಿನ ಬಾಟಲಿಗೆ ಜಾಲರಿ ಜೇಬು, ಇಷ್ಟು ಸಾಕು. ಹಿಂದಿನ ಖಾನೆಗೆ ಪುಸ್ತಕ, ಮುಂದಿನದಕ್ಕೆ ಊಟದ ಡಬ್ಬಿ ಮತ್ತು ಕಂಪಾಸ್ ಬಾಕ್ಸು, ಹೊರಗಿನ ಸಣ್ಣದಕ್ಕೆ ಪೆನ್ನು. ಈ ಜಾಗಗಳನ್ನು ವರ್ಷವಿಡೀ ಬದಲಿಸಬೇಡಿ, ಹೊಸ ಬ್ಯಾಗು ತಂದರೂ ಅದೇ ಮಾದರಿ ತನ್ನಿ. ಜಿಪ್ಪಿನ ತುದಿಗೆ ಬೀಗದ ಕೈಯ ರಿಂಗೋ ದಪ್ಪ ದಾರದ ಕುಣಿಕೆಯೋ ಹಾಕಿದರೆ ಬೆರಳು ತೂರಿಸಿ ಎಳೆಯಬಹುದು. ಎದೆಯ ಮೇಲೆ ಅಡ್ಡಪಟ್ಟಿ ಇದ್ದರೆ ಒಳ್ಳೆಯದು, ಬ್ಯಾಗು ಒಂದು ಕಡೆ ಜಗ್ಗಿದರೆ ಮೊದಲೇ ಸಮತೋಲ ಕಡಿಮೆ ಇರುವ ಮಗು ಬಸ್ಸಿನ ಮೆಟ್ಟಿಲಲ್ಲಿ ಎಡವುತ್ತದೆ. ರಾಜ್ಯ ಸರ್ಕಾರ 2019ರಲ್ಲಿ ಬ್ಯಾಗಿನ ತೂಕಕ್ಕೆ ಮಿತಿ ಹಾಕಿತು. ಎಂಟನೇ ತರಗತಿಗೆ 3ರಿಂದ 4 ಕೆಜಿ, ಒಂಬತ್ತು ಹತ್ತಕ್ಕೆ 4ರಿಂದ 5 ಕೆಜಿ. ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿ ಇದ್ದೇ ಇರುತ್ತದೆ, ಒಮ್ಮೆ ತೂಗಿ ನೋಡಿ.

ತೂಕ ಇಳಿಸಲು ಸುಲಭದ ದಾರಿ 200 ಪುಟದ ನೋಟ್‌ಬುಕ್ ಬಿಟ್ಟು 100 ಪುಟದ್ದನ್ನು ಕೊಡಿಸುವುದು. ತುಂಬಿದ್ದು ಮನೆಯಲ್ಲಿರಲಿ, ಹೊಸದು ಹೋಗಲಿ.

ಇನ್ನು ಪುಸ್ತಕಗಳ ಜೋಡಣೆ. ಇದರಲ್ಲಿ ಅತಿ ಹೆಚ್ಚು ಫಲ ಕೊಡುವುದು ವಿಷಯಕ್ಕೊಂದು ಜಿಪ್ ಪೌಚು. ಏ4 ಅಳತೆಗಿಂತ ಸ್ವಲ್ಪ ದೊಡ್ಡದು, ಸ್ಟೇಷನರಿ ಅಂಗಡಿಯಲ್ಲಿ ಫೈಲ್ ಬ್ಯಾಗ್ ಅಂದರೆ ಕೊಡುತ್ತಾರೆ. ಗಣಿತದ ಪಠ್ಯಪುಸ್ತಕ, ಕ್ಲಾಸ್‌ವರ್ಕ್, ಹೋಂವರ್ಕ್, ಗ್ರಾಫ್ ಹಾಳೆ ಎಲ್ಲವೂ ಒಂದೇ ನೀಲಿ ಪೌಚಿನಲ್ಲಿ. ಆಗ ಗಣಿತದ ಪೀರಿಯಡ್ಡಿಗೆ ನಾಲ್ಕು ವಸ್ತು ಹುಡುಕುವ ಬದಲು ಒಂದನ್ನು ಎಳೆದರಾಯಿತು, ಬೆಲ್ಲು ಹೊಡೆದಾಗ ಒಂದನ್ನು ತುರುಕಿದರಾಯಿತು. ಪುಸ್ತಕಗಳ ಬೆನ್ನಿಗೂ ಅದೇ ಬಣ್ಣದ ಟೇಪು ಅಂಟಿಸಿ. ಕಂದು ಬೈಂಡಿನ ಮೇಲೆ ಎಲ್ಲ ಪುಸ್ತಕವೂ ಒಂದೇ ತರ ಕಾಣುವುದರಿಂದ ಬರೀ ಲೇಬಲ್ಲು ಸಾಲದು. ಪಾರದರ್ಶಕ ಪ್ಲಾಸ್ಟಿಕ್ಕಿನ ಪೌಚು ಒಳಗಿರುವುದನ್ನು ತೋರಿಸುತ್ತದೆ, ಆದರೆ ಮೂಲೆಯಲ್ಲಿ ಬೇಗ ಸೀಳುತ್ತದೆ. ಜಾಲರಿಯದು ಬಾಳಿಕೆ ಬರುತ್ತದೆ, ಆದರೆ ನಮ್ಮ ಕಡೆಯ ಮಳೆಗೆ ನೀರು ಒಳಗೆ ಹೋಗುತ್ತದೆ. ಜಾಲರಿಯದನ್ನೇ ಕೊಂಡು ಬ್ಯಾಗಿನ ಹಿಂದಿನ ಖಾನೆಯೊಳಗೆ ದಪ್ಪನೆಯ ಪ್ಲಾಸ್ಟಿಕ್ ಚೀಲವೊಂದನ್ನು ಬಾಯಿ ಅಗಲಿಸಿ ಇಟ್ಟುಬಿಡುವುದು ನನ್ನ ಆಯ್ಕೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದು ಅಲ್ಲೇ ಇರಲಿ.

ಬಿಡಿ ಹಾಳೆಗಳಿಗೆ ಬೇರೆಯೇ ವ್ಯವಸ್ಥೆ ಬೇಕು. ಟೆಸ್ಟ್ ಪೇಪರು, ಸಹಿ ಹಾಕಿಸಬೇಕಾದ ಚೀಟಿ, ಪ್ರವಾಸದ ಒಪ್ಪಿಗೆ ಪತ್ರ ಇವೆಲ್ಲ ಸಾಮಾನ್ಯವಾಗಿ ಬ್ಯಾಗಿನ ತಳದಲ್ಲಿ ಉಂಡೆಯಾಗಿ ಸಿಗುತ್ತವೆ. ಎರಡು ಜೇಬಿನ ಒಂದೇ ಫೈಲು ಇಡಿ, ಎಡಕ್ಕೆ ‘ಮನೆಗೆ’, ಬಲಕ್ಕೆ ‘ಶಾಲೆಗೆ’. ಮಗು ಯಾವ ಹಾಳೆಯನ್ನೂ ವಿಂಗಡಿಸಬೇಕಿಲ್ಲ, ಶಾಲೆಯಲ್ಲಿ ಕೈಗೆ ಕೊಟ್ಟದ್ದೆಲ್ಲ ಎಡಕ್ಕೆ. ವಿಂಗಡಿಸುವ ಕೆಲಸ ಸಂಜೆ ದೊಡ್ಡವರ ಜೊತೆ. ವಿಷಯಕ್ಕೊಂದು ಫೈಲು ಮಾಡಿಸಿದವರು ಬಹುಪಾಲು ಕೈಬಿಡುತ್ತಾರೆ, ಯಾಕೆಂದರೆ ಹಾಳೆ ತೂತು ಮಾಡಿ ಟ್ಯಾಗಿಗೆ ಪೋಣಿಸುವುದೇ ಈ ಬೆರಳುಗಳಿಗೆ ದೊಡ್ಡ ಕೆಲಸ.

ವೇಳಾಪಟ್ಟಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಎಡವಟ್ಟು ಶುರುವಾಗುವುದು ಅಲ್ಲೇ. ಶಾಲೆಯಲ್ಲಿ ಕೊಡುವುದು ಆರು ದಿನ, ಏಳೆಂಟು ಪೀರಿಯಡ್ಡಿನ ಚೌಕಳಿ ಪಟ್ಟಿ. ಗುರುವಾರದ ಸಾಲಿನಲ್ಲಿ ಕಣ್ಣು ಅಡ್ಡಕ್ಕೆ ಸಾಗುತ್ತಾ ನಾಲ್ಕನೇ ಪೀರಿಯಡ್ಡಿನ ಹೊತ್ತಿಗೆ ಬುಧವಾರದ ಸಾಲಿಗೆ ಜಾರಿರುತ್ತದೆ. ಮಗು ಪಟ್ಟಿ ನೋಡಿಯೇ ತುಂಬಿರುತ್ತದೆ, ಆದರೂ ಪುಸ್ತಕ ತಪ್ಪಿರುತ್ತದೆ. ನೋಡಲೇ ಇಲ್ಲ ಎಂದು ನಾವು ಬೈಯುತ್ತೇವೆ. ಆ ಚೌಕಳಿಯನ್ನು ಬಿಟ್ಟು ದಿನಕ್ಕೊಂದು ಕಾರ್ಡು ಮಾಡಿ. ಕಾರ್ಡಿನ ನೆತ್ತಿಯಲ್ಲಿ ದಪ್ಪಕ್ಷರದಲ್ಲಿ ‘ಗುರುವಾರ’, ಕೆಳಗೆ ಮೇಲಿನಿಂದ ಕೆಳಕ್ಕೆ ಬಣ್ಣದ ಪಟ್ಟಿಗಳು: ನೀಲಿ ಗಣಿತ, ಹಸಿರು ವಿಜ್ಞಾನ, ಹೀಗೆ. ಕೊನೆಗೆ ಆ ದಿನದ ವಿಶೇಷ, ಪಿಟಿ ಇದ್ದರೆ ಶೂಸು, ಶನಿವಾರವಾದರೆ ಬೆಳಗಿನ ಶಾಲೆಯ ಸಮಯ ಮತ್ತು ಆ ದಿನದ ಯೂನಿಫಾರ್ಮ್. ಆರು ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಿ ಮೂಲೆಯಲ್ಲಿ ತೂತು ಹೊಡೆದು ರಿಂಗ್ ಹಾಕಿ. ಸೆಲ್ಲೋಟೇಪು ಸಾಲದು, ಆರಿದ್ರಾ ಮಳೆ ಹಿಡಿದ ವಾರದಲ್ಲೇ ಥಂಡಿಗೆ ಕಿತ್ತುಬಂದು ಶಾಯಿ ಕದಡುತ್ತದೆ. ಎರಡು ಗೊಂಚಲು ಮಾಡಿ, ಒಂದು ಬ್ಯಾಗಿಗೆ ಕಟ್ಟಿ, ಇನ್ನೊಂದು ಓದುವ ಜಾಗದ ಮೊಳೆಗೆ. ಶಾಲೆ ಶುರುವಾದ ತಿಂಗಳಲ್ಲಿ ವೇಳಾಪಟ್ಟಿ ಬದಲಾಗುತ್ತಲೇ ಇರುತ್ತದೆ, ಆದ್ದರಿಂದ ಅದು ನಿಲ್ಲುವ ತನಕ ಬರೀ ರಟ್ಟಿನ ಕಾರ್ಡಿನಲ್ಲಿ ನಡೆಸಿ.

ಬ್ಯಾಗು ತುಂಬುವುದು ರಾತ್ರಿ ಊಟಕ್ಕೆ ಮೊದಲು. ಬೆಳಿಗ್ಗೆಗೆ ಇಡಬಾರದು, ಮಳೆಗಾಲದ ಬೆಳಗಿನಲ್ಲಿ ನಮ್ಮ ಕಡೆ ಕರೆಂಟಿನ ಭರವಸೆಯಿಲ್ಲ, ಮನೆಯೊಳಗೆ ಕತ್ತಲು ಬೇರೆ. ಕ್ರಮ ಹೀಗೆ: ಬ್ಯಾಗನ್ನು ಪೂರ್ತಿ ಖಾಲಿ ಮಾಡು, ಊಟದ ಡಬ್ಬಿ ತೊಳೆಯಲು ಇಡು, ‘ಮನೆಗೆ’ ಜೇಬಿನ ಹಾಳೆ ಅಮ್ಮನಿಗೆ ಕೊಡು, ನಾಳೆಯ ಕಾರ್ಡು ತಿರುಗಿಸು, ಬಣ್ಣ ನೋಡಿ ಪೌಚು ಇಡು, ಪೆನ್ನು ಎರಡಿದೆಯಾ ನೋಡು, ಜಿಪ್ ಹಾಕು, ಬಾಗಿಲ ಹತ್ತಿರದ ಕುರ್ಚಿಯ ಮೇಲಿಡು. ನೆಲದ ಮೇಲಿಟ್ಟರೆ ಥಂಡಿ ಹೀರುತ್ತದೆ. ಖಾಲಿ ಮಾಡದೆ ಮೇಲಿನಿಂದ ಸೇರಿಸುತ್ತಾ ಹೋದರೆ ವಾರದ ಕೊನೆಗೆ ಎಲ್ಲ ಆರು ಪೌಚೂ ಒಳಗಿರುತ್ತವೆ, ಬೆನ್ನಿನ ಮೇಲೆ ಏಳು ಕೆಜಿ.

ಇದನ್ನು ಕಲಿಸುವಾಗ ಹಿಂದಿನಿಂದ ಮುಂದಕ್ಕೆ ಬನ್ನಿ. ಮೊದಲ ವಾರ ಎಲ್ಲವನ್ನೂ ಮಗು ನೋಡುತ್ತಿರುವಂತೆ ನೀವೇ ಮಾಡಿ, ಕೊನೆಯ ಜಿಪ್ಪು ಮತ್ತು ಕುರ್ಚಿ ಮಾತ್ರ ಅದರದು. ಅದು ಸಲೀಸಾದ ಮೇಲೆ ಪೆನ್ನು, ಆಮೇಲೆ ಪೌಚು. ಪ್ರತಿ ದಿನವೂ ಮಗುವಿನ ಕೈಯಲ್ಲೇ ಕೆಲಸ ಮುಗಿಯುತ್ತದೆ, ಅರ್ಧಕ್ಕೆ ಬಿಟ್ಟ ಸೋಲು ಇರುವುದಿಲ್ಲ. ಏನಾದರೂ ತಪ್ಪಿದಾಗ ಉತ್ತರ ಹೇಳಿಕೊಡುವ ಬದಲು ಕೇಳಿ: ಏನು ಮಾಡಬೇಕು ಅಂತಿದ್ದೆ, ಹೇಗೆ ಮಾಡ್ತೀಯ, ಈಗ ಮಾಡಿ ನೋಡು, ಸರಿಹೋಯ್ತಾ? ಕೆನಡಾದಲ್ಲಿ ರೂಪುಗೊಂಡ ಕೋ-ಆಪ್ ಎಂಬ ಆಕ್ಯುಪೇಷನಲ್ ಥೆರಪಿಯ (ದಿನನಿತ್ಯದ ಕೆಲಸ ಮಾಡಲು ಕಲಿಸುವ ಚಿಕಿತ್ಸೆ) ಪದ್ಧತಿಯ ತಿರುಳು ಇದೇ ನಾಲ್ಕು ಹೆಜ್ಜೆ. ಮಗು ತಾನೇ ಕಂಡುಕೊಂಡ ಉಪಾಯ ಅದಕ್ಕೆ ನೆನಪಿರುತ್ತದೆ. ಬಾಯಲ್ಲಿ ಹೇಳಿಕೊಳ್ಳುತ್ತಾ ಮಾಡಿದರೆ ಇನ್ನೂ ಒಳ್ಳೆಯದು, ಅದನ್ನು ನೋಡಿ ಮನೆಯಲ್ಲಿ ಯಾರೂ ನಗಬಾರದು.

ಬೆಳಗಿನ ಹೊತ್ತಿಗೆ ಬಟ್ಟೆಯನ್ನು ಹಾಕಿಕೊಳ್ಳುವ ಕ್ರಮದಲ್ಲೇ ಒಂದರ ಮೇಲೊಂದು ಇಡಿ, ಮೊದಲು ಹಾಕುವುದು ಮೇಲೆ. ಬೆಲ್ಟು ಮೊದಲೇ ಪ್ಯಾಂಟಿನ ಕುಣಿಕೆಯಲ್ಲಿರಲಿ. ಟೈ ಇರುವ ಶಾಲೆಯಾದರೆ ಎಲಾಸ್ಟಿಕ್ಕಿನದು. ಶೂಗೆ ಲೇಸಿನ ಬದಲು ವೆಲ್ಕ್ರೋ, ಲೇಸೇ ಬೇಕೆಂದರೆ ಕಟ್ಟಬೇಕಿಲ್ಲದ ಎಲಾಸ್ಟಿಕ್ ಲೇಸು ಸಿಗುತ್ತದೆ. ಶರ್ಟಿನ ಕೊರಳ ಗುಂಡಿ ಹಾಕಲಾಗದಿದ್ದರೆ ಗುಂಡಿಯನ್ನು ಹೊರಗೆ ಹೊಲಿದು ಒಳಗೆ ಪ್ರೆಸ್ ಬಟನ್ ಇಡಲು ಟೈಲರಿಗೆ ಹೇಳಿ, ಯಾರಿಗೂ ಗೊತ್ತಾಗುವುದಿಲ್ಲ. ಸಾಕ್ಸು ಕನಿಷ್ಠ ನಾಲ್ಕು ಜೊತೆ ಬೇಕು. ಜುಲೈ ತಿಂಗಳಲ್ಲಿ ಬಚ್ಚಲೊಲೆಯ ಮೇಲೆ ಹರಡಿದರೂ ಒಂದು ರಾತ್ರಿಗೆ ಆರುವುದಿಲ್ಲ. ಹಸಿ ಸಾಕ್ಸು ಪಾದಕ್ಕೆ ಅಂಟಿ ಹಿಮ್ಮಡಿಯಲ್ಲಿ ತಿರುಚಿಕೊಂಡರೆ ಈ ಮಗುವಿಗೆ ಅಲ್ಲೇ ಹತ್ತು ನಿಮಿಷ ಹೋಗುತ್ತದೆ, ಬಸ್ಸೂ ಹೋಗುತ್ತದೆ. ಬೇಗ ಬೇಗ ಅನ್ನಬೇಡಿ. ಅವಸರ ಹೆಚ್ಚಿದಷ್ಟೂ ಮಿದುಳಿನ ಜೋಡಣೆ ಹದಗೆಡುತ್ತದೆ. ಅಲಾರಂ ಅರ್ಧ ಗಂಟೆ ಮುಂಚೆ ಇಡುವುದೇ ಪರಿಹಾರ.

ಮಳೆಯ ಸಾಮಾನಿನಲ್ಲಿ ಮೂರು ಮಡಿಕೆಯ ಕೊಡೆ ಬೇಡವೇ ಬೇಡ. ಮಡಚುವುದು, ಕಡ್ಡಿ ಸರಿಪಡಿಸುವುದು, ಸುತ್ತಿ ಪಟ್ಟಿ ಅಂಟಿಸುವುದು, ಎಲ್ಲ ಎರಡು ಕೈಯ ನಾಜೂಕು ಕೆಲಸ, ಅದೂ ಬಸ್ಸಿನ ಬಾಗಿಲಲ್ಲಿ ನಿಂತು. ಉದ್ದ ಕೊಡೆ ಸುಲಭ, ಆದರೆ ಸೀಟಿನ ಕಂಬಿಗೆ ತೂಗುಹಾಕಿ ಅಲ್ಲೇ ಬಿಟ್ಟು ಬರುತ್ತಾರೆ. ತಲೆಯಿಂದ ಇಳಿಬಿಡುವ, ಬ್ಯಾಗನ್ನೂ ಮುಚ್ಚುವ ಪೊಂಚೊ ರೇನ್‌ಕೋಟು ಎಲ್ಲಕ್ಕಿಂತ ವಾಸಿ. ಉದ್ದ ಮೊಣಕಾಲಿಗಿಂತ ಮೇಲಿರಲಿ, ಇಲ್ಲದಿದ್ದರೆ ಮೆಟ್ಟಿಲು ಹತ್ತುವಾಗ ತನ್ನ ಕಾಲು ತನಗೇ ಕಾಣುವುದಿಲ್ಲ. ಒದ್ದೆಯಾದದ್ದನ್ನು ಮಡಚಲು ಹೇಳಬೇಡಿ, ತುರುಕಲು ಒಂದು ಅಗಲ ಬಾಯಿಯ ಚೀಲ ಕೊಡಿ.

ಬಸ್ ಪಾಸು ಜೇಬಿನಲ್ಲಿ ಇರಬಾರದು. ಎಳೆದರೆ ಉದ್ದವಾಗಿ ಬಿಟ್ಟರೆ ಸುರುಳಿ ಸುತ್ತುವ ಐಡಿ ಕ್ಲಿಪ್ಪಿಗೆ ಸಿಕ್ಕಿಸಿ ಬ್ಯಾಗಿನ ಭುಜದ ಪಟ್ಟಿಗೆ ಹಾಕಿ. ಕಂಡಕ್ಟರಿಗೆ ತೋರಿಸಿ ಕೈಬಿಟ್ಟರೆ ತಾನೇ ಜಾಗಕ್ಕೆ ಹೋಗುತ್ತದೆ. ಹುಡುಗಿ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಹೋಗುವುದಾದರೆ ಆಧಾರ್ ಕಾರ್ಡಿಗೂ ಇದೇ ಉಪಾಯ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸೇ ಹೆಚ್ಚು, ದಿನಾ ಅದೇ ಬಸ್ಸು, ಅವರೇ ಕಂಡಕ್ಟರ್. ಈ ಹುಡುಗ ಇಳಿಯುವಾಗ ಸ್ವಲ್ಪ ನಿಧಾನ ಎಂದು ಒಮ್ಮೆ ಮಾತಾಡಿಟ್ಟರೆ ವರ್ಷವಿಡೀ ನೋಡಿಕೊಳ್ಳುತ್ತಾರೆ.

ಶಾಲೆಯೊಳಗೆ ದೊಡ್ಡ ಅಡಚಣೆ ಬೋರ್ಡು. ತಲೆ ಎತ್ತಿ ಓದಬೇಕು, ತಲೆ ತಗ್ಗಿಸಿ ಬರೆಯಬೇಕು, ಮತ್ತೆ ಎತ್ತಿದಾಗ ಬಿಟ್ಟ ಜಾಗ ಸಿಗುವುದಿಲ್ಲ. ಅಷ್ಟರಲ್ಲಿ ಅಳಿಸಿರುತ್ತಾರೆ. ಮೊದಲ ಅಥವಾ ಎರಡನೇ ಬೆಂಚು, ಬೋರ್ಡಿಗೆ ನೇರವಾಗಿ ನಡುವಿನ ಸಾಲಿನಲ್ಲಿ ಕೂರಿಸಬೇಕು, ಪಕ್ಕದಿಂದ ಓರೆಯಾಗಿ ನೋಡುವ ಜಾಗ ಬೇಡ. ಬೆಂಚಿನ ಅಂಚಿನಲ್ಲಿದ್ದರೆ ಹೊರಗೆ ಹೋಗುವಾಗ ಯಾರ ಕಾಲೂ ತುಳಿಯುವುದಿಲ್ಲ. ಹೋಂವರ್ಕನ್ನು ಬೋರ್ಡಿನ ಒಂದೇ ಮೂಲೆಯಲ್ಲಿ, ಪೀರಿಯಡ್ಡಿನ ಶುರುವಿನಲ್ಲೇ ಬರೆದರೆ ಅರ್ಧ ಸಮಸ್ಯೆ ಮುಗಿಯಿತು. ಬೆಲ್ಲು ಹೊಡೆಯುವಾಗ ಬಾಯಲ್ಲಿ ಹೇಳಿದ ಹೋಂವರ್ಕ್ ಈ ಮಗುವಿಗೆ ತಲುಪುವುದೇ ಇಲ್ಲ. ಶಾಲೆಗೆ ಮೊಬೈಲು ಒಯ್ಯುವಂತಿಲ್ಲ, ಟೀಚರ್ ವಾಟ್ಸಾಪಿನಲ್ಲಿ ಫೋಟೋ ಹಾಕಿದರೂ ಆಗುಂಬೆ, ಹೊಸನಗರ ತಾಲ್ಲೂಕಿನ ನಗರದ ಕಡೆಯ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕು ಸಿಗಲು ಗುಡ್ಡ ಹತ್ತಬೇಕು. ಅದಕ್ಕೆ ಹಳೆಯ ಉಪಾಯವೇ ಮೇಲು: ಅಚ್ಚುಕಟ್ಟಾಗಿ ಬರೆಯುವ ಗೆಳತಿಯ ಹಾಳೆಯ ಕೆಳಗೊಂದು ಕಾರ್ಬನ್ ಪೇಪರು, ಬಿಳಿ ಹಾಳೆ. ಅವಳಿಗೆ ಹೆಚ್ಚಿನ ಕೆಲಸವಿಲ್ಲ, ಇವನಿಗೆ ಪೂರ್ತಿ ನೋಟ್ಸು. ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಮಾತ್ರ ಮೂಡುತ್ತದೆ, ಜೆಲ್ ಪೆನ್ನಿಗೆ ಬರುವುದಿಲ್ಲ. ತಾನು ಸ್ವಲ್ಪವಾದರೂ ಬರೆಯಲಿ, ಶೀರ್ಷಿಕೆ ಮತ್ತು ಮುಖ್ಯ ಪದಗಳಷ್ಟು.

ಗಣಿತಕ್ಕೆ ಚೌಕಳಿ ಪುಸ್ತಕ ಕೊಡಿ, ಚೌಕಕ್ಕೊಂದು ಅಂಕಿ ಬರೆದರೆ ಬಿಡಿ, ಹತ್ತು, ನೂರು ಒಂದರ ಕೆಳಗೊಂದು ನಿಲ್ಲುತ್ತವೆ. ಲೆಕ್ಕ ಗೊತ್ತಿದ್ದೂ ಸಾಲು ಜಾರಿ ಉತ್ತರ ತಪ್ಪುವುದು ಇದರಿಂದ ಕಡಿಮೆಯಾಗುತ್ತದೆ. ಸ್ಕೇಲು ಜಾರದಂತೆ ಹಿಂಬದಿಗೆ ಸೈಕಲ್ ಟ್ಯೂಬಿನ ತೆಳು ಪಟ್ಟಿ ಅಂಟಿಸಿ. ಕೈವಾರ ಕೊಳ್ಳುವಾಗ ತಿರುಪಿನಿಂದ ಬಿಗಿಯಾಗುವುದನ್ನೇ ನೋಡಿ, ಸಡಿಲ ಕಾಲಿನದರಲ್ಲಿ ವೃತ್ತ ಎಳೆಯುವಾಗಲೇ ಅಳತೆ ಬದಲಾಗುತ್ತದೆ. ಹಾಳೆಯ ಕೆಳಗೆ ದಪ್ಪ ರಟ್ಟು ಇಟ್ಟರೆ ಮುಳ್ಳು ಕಚ್ಚಿ ನಿಲ್ಲುತ್ತದೆ. ಇನ್ನೊಂದು ಗುಟ್ಟು, ಕೈವಾರವನ್ನು ಬೆರಳಲ್ಲಿ ಹೊರಳಿಸುವ ಬದಲು ಅದನ್ನು ಸ್ಥಿರವಾಗಿ ಹಿಡಿದು ಎಡಗೈಯಿಂದ ಹಾಳೆಯನ್ನು ತಿರುಗಿಸಲು ಹೇಳಿ. ವೃತ್ತ ಗುಂಡಗೆ ಬರುತ್ತದೆ.

ಬಿಸಿಯೂಟದ ಹೊತ್ತನ್ನು ಯಾರೂ ಗಮನಿಸುವುದಿಲ್ಲ. ಸಾರು ತುಂಬಿದ ತಟ್ಟೆ ಹಿಡಿದು ಓಡಾಡುವ ಮಕ್ಕಳ ನಡುವೆ ನಡೆಯುವುದು ಈ ಮಗುವಿಗೆ ದಿನದ ಅತಿ ಭಯದ ಕೆಲಸ. ಕೆಲವರು ಇದಕ್ಕೇ ಹೆದರಿ ಊಟ ಬಿಡುತ್ತಾರೆ. ಮೊದಲು ಕೂರಿಸಿ ಆಮೇಲೆ ಬಡಿಸಲು ಕೇಳಿಕೊಳ್ಳಿ, ದಂಡೆ ಎತ್ತರವಿರುವ ತಟ್ಟೆ, ಒಂದು ಚಮಚ ಕಳಿಸಿ. ಮನೆಯಿಂದ ಡಬ್ಬಿಯಾದರೆ ನಾಲ್ಕು ಕಡೆ ಕ್ಲಿಪ್ಪಿನದು ಬೇಡ, ಒಂದೇ ತಿರುವಿಗೆ ತೆರೆಯುವ ಮುಚ್ಚಳ ಇರಲಿ.

ಇದೆಲ್ಲ ಶಿಕ್ಷಕರಿಗೆ ತಲುಪುವುದು ಹೇಗೆ? ಪೋಷಕರ ಸಭೆಯ ಗದ್ದಲದಲ್ಲಿ ಹೇಳಿದ್ದು ನಿಲ್ಲುವುದಿಲ್ಲ. ಒಂದೇ ಪುಟದ ಕಾಗದ ಬರೆದು ಆರು ಪ್ರತಿ ಮಾಡಿ ಮುಖ್ಯೋಪಾಧ್ಯಾಯರ ಮೂಲಕ ಎಲ್ಲರಿಗೂ ಕೊಡಿ. ತೊಡಕಿನ ವಿವರಣೆ ಎರಡು ಸಾಲು ಸಾಕು, ಮಿಕ್ಕಿದ್ದು ಬೇಡಿಕೆ: ‘ಎದುರಿನ ಬೆಂಚು ಕೊಡಿ. ಹೋಂವರ್ಕ್ ಬೋರ್ಡಿನ ಮೂಲೆಯಲ್ಲಿ ಬರೆಯಿರಿ. ಒಂದು ಸಲಕ್ಕೆ ಒಂದೇ ಸೂಚನೆ ಹೇಳಿ. ಅಕ್ಷರಕ್ಕಿಂತ ಉತ್ತರ ನೋಡಿ. ಪುಸ್ತಕ ಎತ್ತಿಡಲು ಎರಡು ನಿಮಿಷ ಮೊದಲೇ ಹೇಳಿ.’ ಐದಕ್ಕಿಂತ ಹೆಚ್ಚು ಕೇಳಿದರೆ ಒಂದೂ ನಡೆಯುವುದಿಲ್ಲ. ಪ್ರತಿ ವರ್ಷ ಜೂನ್‌ನಲ್ಲಿ ಹೊಸದಾಗಿ ಕೊಡಬೇಕು, ವರ್ಗಾವಣೆಯಾಗಿ ಬಂದವರಿಗೆ ಹಿಂದಿನದು ಗೊತ್ತಿರುವುದಿಲ್ಲ. ಸೋಮಾರಿ ಎಂಬ ಪದ ತರಗತಿಯಲ್ಲಿ ಒಮ್ಮೆ ಅಂಟಿಕೊಂಡರೆ ಹತ್ತನೇ ತರಗತಿಯವರೆಗೂ ಬಿಡುವುದಿಲ್ಲ, ಅದಕ್ಕಾಗಿಯಾದರೂ ಈ ಕಾಗದ ಮೊದಲ ವಾರದಲ್ಲೇ ಹೋಗಲಿ.

ಕೊನೆಯದು ದಾಖಲೆ, ಇದನ್ನು ಮುಂದೂಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಗಳಿವೆ. ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯ ವಿವರಣೆಯಲ್ಲಿ ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾದ (ಬರೆಯುವಲ್ಲಿ ತೊಡಕು) ಜೊತೆಗೆ ಡಿಸ್‌ಪ್ರಾಕ್ಸಿಯಾದ ಹೆಸರೂ ಇದೆ. ಕಚೇರಿಯಲ್ಲಿ ಅಂಥದ್ದಿಲ್ಲ ಎಂದರೆ ಆ ಸಾಲನ್ನೇ ತೋರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗದಿಂದ ವಿಚಾರಣೆ ಶುರುಮಾಡಬಹುದು. ಬಿಇಒ ಕಚೇರಿಗೆ ಸೇರಿದ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನೂ ಕಾಣಿ, ಯಾವ ನಮೂನೆ, ಯಾವ ದಿನ ಎಂಬುದು ಅವರಿಗೆ ಗೊತ್ತಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡುತ್ತಾರೆ. ಆದರೆ ಮಲೆನಾಡಿನಿಂದ ಹೋಗಿಬರುವುದು ದೊಡ್ಡ ಖರ್ಚು, ಮೊದಲು ಇಲ್ಲಿ ಕೇಳಿ ಹೋಗಿ. ಅಂಗವೈಕಲ್ಯ ಪ್ರಮಾಣಪತ್ರಕ್ಕೂ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೂ ಆನ್‌ಲೈನ್‌ನಲ್ಲೇ ಅರ್ಜಿ.

ನ್ಯೂನತೆ ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣೀಕರಿಸಿದವರಿಗೆ ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕೊಡಬೇಕೆಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ಎಸ್ಸೆಸ್ಸೆಲ್ಸಿಯಲ್ಲೂ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಹೆಚ್ಚುವರಿ ಸಮಯ, ಬರಹಗಾರರ ನೆರವಿನಂಥ ರಿಯಾಯಿತಿಗಳಿವೆ. ಅರ್ಜಿ ಮುಖ್ಯೋಪಾಧ್ಯಾಯರ ಮೂಲಕವೇ, ದಾಖಲೆ ಸಮೇತ, ಬಹಳ ಮುಂಚೆ ಹೋಗಬೇಕು. ಆದ್ದರಿಂದ ಒಂಬತ್ತನೇ ತರಗತಿ ಮುಗಿಯುವುದರೊಳಗೆ ಪ್ರಮಾಣಪತ್ರ ಕೈಯಲ್ಲಿರಲಿ. ಬರಹಗಾರರು ಸಿಕ್ಕ ಮಾತ್ರಕ್ಕೆ ಅಂಕ ಬರುವುದಿಲ್ಲ, ಉತ್ತರವನ್ನು ವಾಕ್ಯ ವಾಕ್ಯವಾಗಿ ಬಾಯಲ್ಲಿ ಹೇಳಿ ಬರೆಸುವುದು ಬೇರೆಯೇ ಅಭ್ಯಾಸ. ಗಣಿತದ ರಚನೆ, ವಿಜ್ಞಾನದ ಚಿತ್ರ, ಭಾರತದ ನಕ್ಷೆಯನ್ನು ಹೇಗೆ ಹೇಳಿ ಬರೆಸಬೇಕು ಎಂಬುದನ್ನು ಅರ್ಧವಾರ್ಷಿಕ ಪರೀಕ್ಷೆಯಲ್ಲೇ, ಕೆಳ ತರಗತಿಯ ವಿದ್ಯಾರ್ಥಿಯೊಬ್ಬರನ್ನು ಕೂರಿಸಿಕೊಂಡು ಮಾಡಿ ನೋಡಬೇಕು. ಸ್ವತಃ ಬರೆಯುವ ಮಗುವಾದರೆ ಅದೇ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಟ್ಟು ನೋಡಿ. ಎರಡು ಗಂಟೆಯಾದ ಮೇಲೆ ಕೈ ಸೋತು ಅಕ್ಷರ ಕೆಡುತ್ತಿದ್ದರೆ ಸಮಯವೊಂದೇ ಸಾಲದು, ಬರಹಗಾರರಿಗೂ ಅರ್ಜಿ ಹಾಕಿ.